ಹನ್ನೊಂದು ಸಲ ಉಂಡವನು

ಪುಸ್ತಕದ ರಟ್ಟು ಅಂಟಿಸಲು ಕಾಯಿಸಿದ ಸರೇಸಿನ ವಾಸನೆ. ತಿರ್ಜಾ ಐದಾರು ವರ್ಷದವಳಿದ್ದಾಗ, ಸಂಜೆ ಅಪ್ಪ ಬೈಂಡಿಂಗ್ ಅಂಗಡಿಯಿಂದ ಬಂದು ಎತ್ತಿಕೊಂಡರೆ ಅವನ ಎದೆಯಿಂದ ಬರುತ್ತಿದ್ದ ವಾಸನೆ. ಸರೇಸು, ಹಳೇ ಕಾಗದ, ಒಂದಿಷ್ಟು ಚರ್ಮ. ಈಗ ಅವಳು ತೊಟ್ಟಿದ್ದ ಅಪ್ಪನ ಕೋಟಿನ ಕೊರಳಪಟ್ಟಿಗೆ ಯಹೂದಿ ಶವಸಂಸ್ಕಾರ ಸಂಘದ ಗಡ್ಡದವನು ಬ್ಲೇಡಿನಿಂದ ಕಚ್ಚು ಹಾಕಿದ ಕೂಡಲೇ, ಬಟ್ಟೆಯ ಪದರದೊಳಗಿಂದ ಅದೇ ವಾಸನೆ ಎದ್ದು ಬಂತು.

"ಅಪ್ಪ ಹೋದರೆ ಮಕ್ಕಳು ಬಟ್ಟೆ ಹರ್ಕೋಬೇಕು. ಉಳಿದದ್ದು ನೀವೇ ಹರೀಬೇಕು," ಅಂದ ಗಡ್ಡದವನು. "ಎಡಗಡೆ, ಎದೆ ಮೇಲೆ."

ಅವಳು ಎಳೆದಳು. ಬಟ್ಟೆ ಜಗ್ಗಲಿಲ್ಲ.

"ಜೋರಾಗಿ ಎಳಿ ಮಗಳೇ," ಅಂದ ಪಕ್ಕದಲ್ಲಿದ್ದ ನಿಸ್ಸೀಮ್. ಒಂದು ಕಿವಿ ಕೇಳದ್ದರಿಂದ ಅವನ ಮಾತೆಲ್ಲ ಕೂಗೇ. "ಜರ್ಮನಿಯವರ ಹೊಲಿಗೆ. ಸತ್ತರೂ ಹರಿಯಲ್ಲ ಅಂತದೆ."

ಯಾರೋ ನಕ್ಕರು. ತಿರ್ಜಾಳಿಗೂ ನಗು ಬಂತು, ಆ ನಗುವಿನಲ್ಲೇ ಕೋಟು ಪರ್ರನೆ ಹರಿಯಿತು.

ಹೈಫಾದ ಚಳಿಗಾಲ. ಕಡಲಿನಿಂದ ಬೀಸುವ ಗಾಳಿಗೆ ಸ್ಮಶಾನದ ಸೈಪ್ರೆಸ್ ಮರಗಳು ಒಂದೇ ಕಡೆಗೆ ವಾಲಿದ್ದವು. ಬಿಳಿ ಬಟ್ಟೆ ಸುತ್ತಿದ ಅಪ್ಪ, ಲೋಥಾರ್ ರೋಸೆನ್, ಚಟ್ಟದ ಮೇಲೆ ಮಲಗಿದ್ದ. ಅಷ್ಟು ಎತ್ತರದ ಮನುಷ್ಯ ಎಷ್ಟು ಸಣ್ಣಗಾಗಿಬಿಟ್ಟಿದ್ದ.

ಗಡ್ಡದವನು ಗಂಡಸರನ್ನು ಎಣಿಸಿದ. ಬೈಂಡಿಂಗ್ ಅಂಗಡಿಯವರು ಮೂವರು, ಚದುರಂಗದ ಗೆಳೆಯರು ನಾಲ್ವರು, ನಿಸ್ಸೀಮ್, ತಾನು. ಒಂಬತ್ತು. ಪ್ರಾರ್ಥನೆಗೆ ಹತ್ತು ಜನ ಬೇಕು. ಆಗ ವ್ಯಾನಿನ ಡ್ರೈವರ್ ಸಿಗರೇಟು ಆರಿಸಿ, ಜೇಬಿನಿಂದ ಟೋಪಿ ತೆಗೆದು ತಲೆಗಿಟ್ಟುಕೊಂಡು, ಯಾರೂ ಕರೆಯದೆಯೇ ಬಂದು ಸಾಲಿನ ತುದಿಯಲ್ಲಿ ನಿಂತ. ಗಂಡುಮಗನಿಲ್ಲದ ಲೋಥಾರನಿಗೆ ಪ್ರಾರ್ಥನೆ ಹೇಳಿದವನು ನಿಸ್ಸೀಮ್. ಬಾಗ್ದಾದಿನಲ್ಲಿ ಹುಟ್ಟಿದವನ ಗಂಟಲಿನ ಉಚ್ಚಾರ. ಹದಿನೇಳು ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಇನ್ಸ್‌ಪೆಕ್ಟರಾಗಿ ಲೋಥಾರನನ್ನು ಎದುರಿಗೆ ಕೂರಿಸಿಕೊಂಡು ವಿಚಾರಣೆ ಮಾಡಿದವನು ಅವನೇ.

ಕೈ ತೊಳೆಯುವ ನಲ್ಲಿಯ ಹತ್ತಿರ ಗಡ್ಡದವನು ಕೇಳಿದ: "ಮನೇಲಿ ಊಟಕ್ಕೆ?"

"ಬೆಳಿಗ್ಗೆನೇ ಮೊಟ್ಟೆ ಬೇಯಿಸಿಟ್ಟು ಬಂದಿದೀನಿ," ಅಂದಳು ತಿರ್ಜಾ. ಮಣ್ಣು ಮಾಡಿ ಬಂದಮೇಲೆ ಮೊಟ್ಟೆ ತಿನ್ನಬೇಕು ಅನ್ನುವಷ್ಟು ಅವಳಿಗೆ ಗೊತ್ತಿತ್ತು.

"ಅಯ್ಯೋ ತಾಯಿ, ನಿಮ್ಮದನ್ನ ನೀವೇ ತಿನ್ನೋ ಹಾಗಿಲ್ಲ. ಮಣ್ಣು ಮಾಡಿ ಹೋದಮೇಲೆ ಮೊದಲನೇ ತುತ್ತು ನೆರೆಮನೆಯವರು ಕೊಟ್ಟದ್ದಾಗಬೇಕು. ನೆರೆಯವರಿದಾರೆ ತಾನೆ?"

"ಇದಾರೆ," ಅಂದಳು.

ಕೆಳಗಿನ ಮಹಡಿಯಲ್ಲಿ ಹಲ್ಲಿನ ಡಾಕ್ಟರ ಕೋಣೆ, ಬೀಗ ಹಾಕಿದೆ. ಮೇಲಿನ ವಿದ್ಯಾರ್ಥಿಗಳು ರಜೆಗೆ ಹೋಗಿದ್ದಾರೆ. ಉಳಿದದ್ದು ಎರಡನೇ ಮಹಡಿಯ ಗೇನ್ಯಾ ಚಿಕ್ಕಮ್ಮ ಒಬ್ಬಳೇ. ಅವಳು ಈ ಮನೆಯವರನ್ನು ಮಾತನಾಡಿಸಿ ಹದಿನೇಳು ವರ್ಷ.

*

ಆ ಸಿನಿಮಾದವರು ಲೋಥಾರನನ್ನು ಹುಡುಕಿಕೊಂಡು ಬಂದದ್ದು ಅವನ ಭಾಷೆಗಾಗಿ. ಸಿಕ್ಕಿಬಿದ್ದ ಒಬ್ಬ ನಾಜಿ ಅಧಿಕಾರಿ, ತಿಂಗಳುಗಟ್ಟಲೆ ಅವನ ವಿಚಾರಣೆ ಮಾಡುವ ಪೊಲೀಸ್ ಇನ್ಸ್‌ಪೆಕ್ಟರು, ಒಂದು ಮೇಜು, ಒಂದು ಟೇಪ್ ರೆಕಾರ್ಡರು. ಕತೆ ಇಷ್ಟೇ. ಕೈದಿಯ ಪಾತ್ರಕ್ಕೆ ಕಚೇರಿಯ ಜರ್ಮನ್ ಮಾತು ನಾಲಿಗೆಯಲ್ಲಿರುವವನು ಬೇಕಿತ್ತು. ಲೋಥಾರ್ ಹರೆಯದಲ್ಲಿ ಜರ್ಮನಿಯ ಬ್ರೆಸ್ಲಾವಿನಲ್ಲಿ ಹವ್ಯಾಸಿ ನಾಟಕ ಆಡಿದ್ದವನು. ಆಮೇಲೆ ಪುಸ್ತಕಕ್ಕೆ ರಟ್ಟು ಹಾಕಿದ್ದೇ ಅವನ ಬದುಕು. ಎಲ್ಲರನ್ನೂ ನೀವು ಅಂತಲೇ ಮಾತನಾಡಿಸುವವನು. ಮೆಟ್ಟಿಲ ಬೆಕ್ಕನ್ನು ಸಹ.

ಮೊದಲ ಪ್ರದರ್ಶನಕ್ಕೆ ಅವನು ಗೇನ್ಯಾಳಿಗೂ ಟಿಕೆಟ್ ಕೊಟ್ಟಿದ್ದ. ತಿರ್ಜಾಳ ಅಮ್ಮ ತೀರಿಕೊಂಡ ವರ್ಷ ಪೂರ್ತಿ ಮನೆಗೆ ಸೂಪು ಕಳಿಸಿದವಳು ಅವಳು. ಮುಂಗೈ ಮೇಲೆ ನಾಜಿ ಶಿಬಿರದವರು ಹಚ್ಚೆ ಚುಚ್ಚಿದ ಅಂಕಿಗಳಿದ್ದದ್ದರಿಂದ ಬೇಸಿಗೆಯಲ್ಲೂ ಉದ್ದ ತೋಳಿನ ರವಿಕೆ ತೊಡುವವಳು.

ಪರದೆಯ ಮೇಲೆ ಇನ್ಸ್‌ಪೆಕ್ಟರು ಕೈದಿಯ ಕಡೆಗೆ ಊಟದ ತಟ್ಟೆ ಸರಿಸುತ್ತಾನೆ. ಕೈದಿ ಕರವಸ್ತ್ರವನ್ನು ಕೊರಳಿಗೆ ಸಿಕ್ಕಿಸಿಕೊಳ್ಳುತ್ತಾನೆ. ಮೊಟ್ಟೆಯನ್ನು ನೀಟಾಗಿ ನಾಲ್ಕು ಹೋಳು ಮಾಡುತ್ತಾನೆ. ಅವಸರವಿಲ್ಲದೆ, ಹಸಿವಿನಿಂದ ತಿನ್ನುತ್ತಾನೆ. ಕೊನೆಗೆ ಬ್ರೆಡ್ಡಿನ ಚೂರಿನಿಂದ ತಟ್ಟೆ ಒರೆಸಿ, ಅದನ್ನೂ ಬಾಯಿಗಿಟ್ಟುಕೊಂಡು, "ತುಂಬಾ ಉಪಕಾರವಾಯಿತು, ಇನ್ಸ್‌ಪೆಕ್ಟರ್ ಅವರೇ" ಅನ್ನುತ್ತಾನೆ.

ಗೇನ್ಯಾ ಎದ್ದು ಹೊರಗೆ ಹೋದಳು.

ರಾತ್ರಿ ಅವರು ಮೆಟ್ಟಿಲು ಹತ್ತುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು. "ಚೆನ್ನಾಗಿ ಉಂಡ್ರಿ, ಲೋಥಾರ್ ಅವರೇ," ಅಂದು ಬಾಗಿಲು ಹಾಕಿಕೊಂಡಳು. ಅಷ್ಟೇ. ಎದುರು ಸಿಕ್ಕರೆ ಗೋಡೆ ನೋಡಿಕೊಂಡು ಇಳಿದುಹೋಗುತ್ತಿದ್ದಳು.

"ಹೋಗಿ ಹೇಳಪ್ಪ, ಅದು ಬರೀ ನಟನೆ ಅಂತ," ಅಂದಿದ್ದಳು ತಿರ್ಜಾ.

"ಅಷ್ಟು ಅವರಿಗೆ ಗೊತ್ತಿಲ್ಲ ಅಂದುಕೊಂಡ್ರಾ?" ಅಪ್ಪ ಸ್ಟೂಲು ಎತ್ತಿಕೊಂಡು ಹೊರಟಿದ್ದ. "ಎರಡನೇ ಮಹಡೀಲಿ ಬಲ್ಬು ಹೋಗಿದೆ. ಅವರಿಗೆ ಕಣ್ಣು ಮಂಜು, ಬಿದ್ದುಗಿದ್ದಾರು."

ಹದಿನೇಳು ವರ್ಷವೂ ಆ ಬಲ್ಬು ಅವನೇ ಬದಲಾಯಿಸಿದ. ಮೆಲ್ಲಗೆ, ಸ್ಟೂಲಿನ ಸದ್ದು ಕೇಳದ ಹಾಗೆ.

*

ಸ್ಮಶಾನದಿಂದ ಬಂದಾಗ ಮೆಟ್ಟಿಲಲ್ಲಿ ಮಬ್ಬುಗತ್ತಲೆ. ನಿಸ್ಸೀಮನಿಗೆ ಎಪ್ಪತ್ತಾಗಿತ್ತು, ಎರಡನೇ ಮಹಡಿಗೆ ಬರುವಷ್ಟರಲ್ಲಿ ಏದುಸಿರು. ಕಟಕಟೆ ಹಿಡಿದು ನಿಂತು ದೀಪದ ಗುಂಡಿ ಒತ್ತಿದ.

"ಬಲ್ಬು ಇಲ್ವಾ ಇಲ್ಲಿ?"

"ಹೋಗಿದೆ ಮಾವ. ಅಪ್ಪ ಆಸ್ಪತ್ರೇಲಿದ್ದು ಮೂರು ವಾರ ಆಯ್ತಲ್ಲ."

"ನಿಲ್ಲು, ಉಸಿರು ತಗೊಳ್ತೀನಿ. ಆ ನಿಮ್ಮಪ್ಪ, ಮೂರನೇ ಮಹಡೀಲಿ ಮನೆ ಮಾಡಿ ನನ್ನ ಮೇಲೆ ಸೇಡು ತೀರಿಸಿಕೊಂಡ. ಸಿನಿಮಾದಲ್ಲಿ ನಾನು ಅವನಿಗೆ ಕೊಟ್ಟ ಕಾಟಕ್ಕೆ!" ನಕ್ಕ. ನಗು ಕೆಮ್ಮಾಯಿತು. "ಆ ಊಟದ ಸೀನು ಇತ್ತಲ್ಲ, ಅದರ ಸಂಗತಿ ಹೇಳಿದ್ನಾ ನಿಂಗೆ?"

"ಇಲ್ಲ."

"ಹೇಳಿರಲ್ಲ. ನಿರ್ದೇಶಕ, ಅವನು ಬೊಬ್ಬೆ ಹೊಡೀಬೇಕು, ಮೇಜು ಗುದ್ದಬೇಕು ಅಂದ. ನಿಮ್ಮಪ್ಪ ಆಗಲ್ಲ ಅಂದ. 'ನಂಗೆ ಅಂಥ ಅಧಿಕಾರಿ ಒಬ್ಬನೇ ಗೊತ್ತು. ಬ್ರೆಸ್ಲಾವಿನ ಪಾಸ್‌ಪೋರ್ಟ್ ಕಚೇರೀಲಿದ್ದ. ನಾನೂ ನಮ್ಮಮ್ಮನೂ ದೇಶ ಬಿಡೋ ಕಾಗದಕ್ಕೆ ಹೋದಾಗ ಎದ್ದು ನಿಂತು ಅಮ್ಮನಿಗೆ ಕುರ್ಚಿ ಕೊಟ್ಟ. ಕಾಗದ ನೋಡಿದ. ನಿಮ್ಮ ಮಗಂದು ಸರಿ ಇದೆ, ನಿಮ್ಮದರಲ್ಲಿ ಒಂದು ಮೊಹರು ಕಡಿಮೆ ಇದೆ ಅಂದ. ಊಟದ ಹೊತ್ತಾಯ್ತು, ಕ್ಷಮಿಸಿ ಅಂತ ನಮ್ಮೆದುರಿಗೇ ಡಬ್ಬಿ ಬಿಚ್ಚಿ ತಿಂದ. ಬ್ರೆಡ್ಡಿಂದ ಡಬ್ಬಿ ಒರೆಸಿದ. ನಾನು ಅವನನ್ನ ಮಾಡ್ತೀನಿ' ಅಂದ."

ಅಜ್ಜಿ ಬ್ರೆಸ್ಲಾವಿನಲ್ಲೇ ಉಳಿದಳು, ಆಮೇಲೆ ಯಾರಿಗೂ ಸಿಗಲಿಲ್ಲ ಅನ್ನುವುದು ತಿರ್ಜಾಳಿಗೆ ಗೊತ್ತಿತ್ತು. ಆ ಕುರ್ಚಿಯ ವಿಷಯ ಗೊತ್ತಿರಲಿಲ್ಲ.

ಆಗ ಅವಳು ಕೆಳಗೆ ನೋಡಿದಳು. ಗೇನ್ಯಾಳ ಬಾಗಿಲಡಿಯಲ್ಲಿ ಬೆಳಕಿನ ಒಂದು ಗೆರೆ. ಆ ಗೆರೆಯ ನಡುವೆ ಎರಡು ಕಪ್ಪು ತುಂಡು. ಯಾರೋ ಒಳಗೆ, ಬಾಗಿಲಿಗೆ ಒತ್ತಿಕೊಂಡು ನಿಂತಿದ್ದರು.

ನಿಸ್ಸೀಮನ ತೋಳು ಜಗ್ಗಿ ಸುಮ್ಮನಿರಿಸಬಹುದಿತ್ತು. ಅಪ್ಪ ಇದ್ದಿದ್ದರೆ ಹಾಗೇ ಮಾಡುತ್ತಿದ್ದ. ಅವಳು ಕೈ ಎತ್ತಿದಳು. ಎತ್ತಿದ ಕೈಯನ್ನು ಕೋಟಿನ ಹರಿದ ಜಾಗದ ಮೇಲಿಟ್ಟುಕೊಂಡಳು.

"ಅಪ್ಪ ಆ ಊಟ ಎಷ್ಟು ಸಲ ಉಂಡ, ಮಾವ?" ಅಂದಳು. ಅವನ ಕಿವಿಗೆ ಕೇಳಲಿ ಅಂತ ಗಟ್ಟಿಯಾಗಿ.

"ಹನ್ನೊಂದು! ಹನ್ನೊಂದು ಟೇಕು, ಹನ್ನೊಂದು ಮೊಟ್ಟೆ. ಪ್ರತೀ ಸಲ ಕಟ್ ಅಂದ ಕೂಡಲೇ ಹಿತ್ತಲಿಗೆ ಓಡಿಹೋಗಿ ಕಕ್ಕೋನು. ನಾನು ಅವನ ಹಣೆ ಹಿಡ್ಕೊಳ್ತಿದ್ದೆ. ಬಾಯಿ ತೊಳ್ಕೊಂಡು, ಟೈ ಸರಿ ಮಾಡ್ಕೊಂಡು ಬಂದು, 'ಕಾಯಿಸಿದ್ದಕ್ಕೆ ಕ್ಷಮಿಸಿ' ಅಂತ ದೀಪ ಹಿಡಿಯೋನಿಗೆ ಹೇಳೋನು. ಸಾಕು ಮಾರಾಯ, ತಿಂದಹಾಗೆ ಮಾಡು ಅಂದೆ. 'ಅವನು ತಿಂದಹಾಗೆ ಮಾಡಲಿಲ್ಲ, ತಿಂದ' ಅಂದ. ಹನ್ನೊಂದನೇದಕ್ಕೆ ನಾನೇ ಅತ್ತುಬಿಟ್ಟೆ. ಇನ್ಸ್‌ಪೆಕ್ಟರು ಅಳ್ತಾನಾ ಅಂತ ಬೈದು, ಅದನ್ನ ಬಿಸಾಕಿ ಹತ್ತನೇದನ್ನ ಇಟ್ಕೊಂಡ್ರು."

ಬಾಗಿಲಡಿಯ ಎರಡು ತುಂಡು ಕದಲಲಿಲ್ಲ.

"ನಡಿ," ಅಂದ ನಿಸ್ಸೀಮ್, ಕಣ್ಣೊರೆಸಿಕೊಳ್ಳುತ್ತ. "ಇನ್ನೊಂದು ಮಹಡಿ. ಸೇಡು ಮುಗೀಲಿ."

*

ತಿರ್ಜಾ ಕುಳ್ಳ ಮಣೆಯ ಮೇಲೆ ಕೂತಳು. ಸಾವಿನ ಮನೆಯ ಬಾಗಿಲು ತೆರೆದೇ ಇರಬೇಕು, ತೆರೆದೇ ಇತ್ತು. ಒಲೆಯ ಮೇಲಿನ ಪಾತ್ರೆಯಲ್ಲಿ ಅವಳು ಬೇಯಿಸಿದ ನಾಲ್ಕು ಮೊಟ್ಟೆ ತಣ್ಣಗಾಗಿದ್ದವು. ನಿನ್ನೆ ಮಧ್ಯಾಹ್ನದಿಂದ ಅವಳು ಏನೂ ತಿಂದಿರಲಿಲ್ಲ.

"ಒಂದು ಕೆಲಸ ಮಾಡೋಣ," ಅಂದ ನಿಸ್ಸೀಮ್. "ಈ ಪಾತ್ರೇನ ನಾನು ಕದ್ದುಕೊಂಡು ಕೆಳಗೆ ಓಡ್ತೀನಿ. ಬೀದಿ ತುದೀಗೆ ಹೋಗಿ ವಾಪಸು ಬಂದು ಕೊಡ್ತೀನಿ. ಆಗ ಇದು ನನ್ನ ಮನೇದು. ದೇವರು ಅಷ್ಟೆಲ್ಲ ಎಲ್ಲಿ ನೋಡ್ತಾನೆ?"

"ಆ ಮೂರು ಮಹಡಿ ಇನ್ನೊಂದು ಸಲ ಹತ್ತುತ್ತೀರಾ?"

"ನಿಂಗೋಸ್ಕರ ಹತ್ತುತ್ತೀನಿ."

"ಬೇಡ ಮಾವ. ಕೂತುಕೊಳ್ಳಿ. ಸ್ವಲ್ಪ ಕಾಯ್ತೀನಿ."

"ಯಾರಿಗೆ?"

ಅವಳು ತೆರೆದ ಬಾಗಿಲ ಕಡೆ ನೋಡಿದಳು. ಹೊರಗೆ ಬಸ್ಸು ಗುಡ್ಡ ಹತ್ತುವ ಗೊರಗೊರ ಸದ್ದು. ಚದುರಂಗದ ಗೆಳೆಯರು ಬಂದು ಸ್ವಲ್ಪ ಹೊತ್ತು ಕೂತು, ಗೋಡೆಯ ಪುಸ್ತಕಗಳ ಬೆನ್ನು ಸವರಿ ಹೋದರು. ನಿಸ್ಸೀಮ್ ಕುರ್ಚಿಯಲ್ಲೇ ತೂಕಡಿಸಿದ. ಒಂದು ತಾಸಾಯಿತು. ಅವಳಿಗೆ ತಲೆ ಹಗುರಾಗಿ, ಕಣ್ಣೆದುರು ಗೋಡೆ ಮೆಲ್ಲಗೆ ಅಲುಗಿತು. ಬರುವುದಿಲ್ಲ ಅಂದುಕೊಂಡಳು. ಮಾವನನ್ನು ಎಬ್ಬಿಸಿ ಪಾತ್ರೆ ಕೊಟ್ಟು ಕಳಿಸಬೇಕು ಅಂದುಕೊಂಡಳು. ಆದರೂ ಏಳಲಿಲ್ಲ.

ಮೊದಲು ಈರುಳ್ಳಿ ಹುರಿದ ವಾಸನೆ ಬಂತು. ಆಮೇಲೆ ಚಪ್ಪಲಿಯ ಸದ್ದು; ಒಂದು ಮೆಟ್ಟಿಲು, ಒಂದು ನಿಲುಗಡೆ, ಇನ್ನೊಂದು ಮೆಟ್ಟಿಲು.

ಗೇನ್ಯಾ ಬಾಗಿಲಲ್ಲಿ ನಿಂತಳು. ಒಂದು ಕೈಯಲ್ಲಿ ಬಟ್ಟೆ ಮುಚ್ಚಿದ ತಟ್ಟೆ, ಇನ್ನೊಂದು ಕೈ ಗೋಡೆಯ ಮೇಲೆ. ನಿಸ್ಸೀಮ್ ಎಚ್ಚರಗೊಂಡು, "ಬನ್ನಿ ಅಮ್ಮಾ, ನಮ..." ಅನ್ನಲು ಹೋಗಿ ತಡೆದುಕೊಂಡ. ಸಾವಿನ ಮನೆಯಲ್ಲಿ ಯಾರೂ ಯಾರಿಗೂ ನಮಸ್ಕಾರ ಹೇಳುವ ಹಾಗಿಲ್ಲ. ಗೇನ್ಯಾಳೂ ಹೇಳಲಿಲ್ಲ.

ಅವಳು ಒಳಗೆ ಬಂದು ತಿರ್ಜಾಳ ಮುಂದೆ ನೆಲದ ಮೇಲೆಯೇ, ಮೊಣಕಾಲು ಹಿಡಿದುಕೊಂಡು ಕಷ್ಟಪಟ್ಟು ಕೂತಳು. ಬಟ್ಟೆ ತೆಗೆದಳು. ಮಸೂರ ಬೇಳೆ, ಅದರ ಮೇಲೆ ಸಿಪ್ಪೆ ಸುಲಿದ ಒಂದು ಮೊಟ್ಟೆ.

"ಮೆಟ್ಟಿಲಲ್ಲಿ ಕತ್ತಲೆ," ಅಂದಳು. "ನಿಧಾನ ಆಯ್ತು."

ತಿರ್ಜಾ ತಟ್ಟೆ ತೊಡೆಯ ಮೇಲಿಟ್ಟುಕೊಂಡು ತಿಂದಳು. ಮೊಟ್ಟೆ ಇನ್ನೂ ಬೆಚ್ಚಗಿತ್ತು. ಗೇನ್ಯಾ ಅವಳ ಕೋಟಿನ ಹರಿದ ಕೊರಳಪಟ್ಟಿಯನ್ನೇ ನೋಡುತ್ತಿದ್ದಳು. ಒಮ್ಮೆ ಕೈ ಚಾಚಿ, ನೇತಾಡುತ್ತಿದ್ದ ದಾರ ಬೇಳೆಗೆ ತಾಗದ ಹಾಗೆ ಆಚೆ ಸರಿಸಿದಳು.

ಬೇಳೆ ಮುಗಿಯಿತು. ತಟ್ಟೆಯಲ್ಲಿ ಒಂದಿಷ್ಟು ರಸ ಉಳಿಯಿತು. ತಿರ್ಜಾ ಚಮಚ ಕೆಳಗಿಟ್ಟಳು.

ಗೇನ್ಯಾ ಉದ್ದ ತೋಳನ್ನು ಮೊಣಕೈವರೆಗೆ ಮಡಚಿದಳು; ಮುಂಗೈಯ ಅಂಕಿಗಳು ಕಂಡವು. ಜೇಬಿನಿಂದ ಕರವಸ್ತ್ರದಲ್ಲಿ ಸುತ್ತಿದ ಬ್ರೆಡ್ಡಿನ ಹೋಳು ತೆಗೆದು, ಎರಡು ಮಾಡಿ, ಒಂದನ್ನು ತಿರ್ಜಾಳ ಅಂಗೈಯಲ್ಲಿಟ್ಟು, ರಸ ಒರೆಸಲೆಂದು ಆ ಕೈಯನ್ನು ಮೆಲ್ಲಗೆ ತಟ್ಟೆಯ ಕಡೆಗೆ ತಳ್ಳಿದಳು.