ಕುರಿಹಟ್ಟಿಯ ಗದ್ದೆಮ್ಮ

ಗದ್ದೆಮ್ಮನಿಗೆ ನಿಂತು ಮಾತನಾಡುವುದೇ ಗೊತ್ತಿರಲಿಲ್ಲ. ಬಗಲಲ್ಲಿ ಉಣ್ಣೆ, ಬೆರಳ ತುದಿಯಲ್ಲಿ ಗಿರಗಿರ ತಿರುಗುವ ಕದರು, ಸೀರೆಯ ಮೇಲೆ ಯಾವ ಜವಾನನೋ ಬಿಟ್ಟುಕೊಟ್ಟ ಖಾಕಿ ಕೋಟು. ಅದರ ಒಂದು ಕಿಸೆಯಲ್ಲಿ ಉಪ್ಪು, ಇನ್ನೊಂದರಲ್ಲಿ ಉಳ್ಳಾಗಡ್ಡಿ. ಎಡಗಾಲನ್ನು ತುಸು ಎಳೆದುಹಾಕುತ್ತಲೇ ನಮ್ಮಂಥ ತರುಣರನ್ನು ಅರ್ಧ ಹರದಾರಿ ಹಿಂದೆ ಬಿಡುವ ಆಕೆಯನ್ನು ಏನಾದರೂ ಕೇಳಿದರೆ, “ನಿಂತ್ರ ನೂಲು ನಿಲ್ತೈತಿ, ನಡಕೋತ ಹೇಳೋ ಮಾಸ್ತರ,” ಎನ್ನುವಳು.

ನಿಜಾಮರ ರಾಜ್ಯದ ಆ ದಿನಗಳಲ್ಲಿ ನಾನು ಲಿಂಗಸುಗೂರಿನಲ್ಲಿ ಮಕ್ಕಳಿಗೆ ಉರ್ದುವಿನ ಅಲೀಫ್, ಬೇ ತಿದ್ದಿಸುತ್ತಿದ್ದೆ. ಆಕೆಯ ಮಗ ದುರುಗಪ್ಪನ ಪರಿಚಯ ಹಿಡಿದು, ಒಂದು ಸೂಟಿಯಲ್ಲಿ ಮಸ್ಕಿಯಾಚೆಯ ಹುಲ್ಲುಗಾವಲಿನ ಅವರ ಹಟ್ಟಿಗೆ ಅತಿಥಿಯಾಗಿ ಹೋದೆ. ನಾಲ್ಕು ಗೂಟ, ಮೇಲೊಂದು ಕರಿಕಂಬಳಿ; ಅದೇ ಗುಡಾರ, ಅದೇ ಅರಮನೆ. ಸುತ್ತ ಕುರಿಗಳ ಬೆಚ್ಚನೆಯ ಉಸಿರು, ಮೇಲೆ ನಿರಭ್ರ ಆಕಾಶ, ಕೈಯಲ್ಲಿ ಸಜ್ಜೆರೊಟ್ಟಿ, ಬಟ್ಟಲ ತುಂಬ ಕುರಿಹಾಲು. ಅಷ್ಟು ಸುಖವಾಗಿ ನಾನು ಯಾವ ಮಾಳಿಗೆಯಲ್ಲೂ ಮಲಗಿಲ್ಲ.

ಸುಖ ಹೆಚ್ಚಾದರೆ ಕೈ ಸುಮ್ಮನಿರದು. ಮೂರನೆಯ ಮುಂಜಾನೆ ಗುಡಾರದ ಪಕ್ಕದಲ್ಲೇ ಕುರಿಯೊಂದು ಮರಿ ಹಾಕಿತು. ನಡುಗುವ ಆ ಜೀವವನ್ನು ಕಂಡು ಕರುಣೆ ಉಕ್ಕಿ, ಹೈದರಾಬಾದಿನಿಂದ ತರಿಸಿದ ನನ್ನ ಸೋಪಿನಿಂದ ತೊಳೆದು, ಟವೆಲಿನಲ್ಲಿ ಒರೆಸಿ, ತಾಯಿಯ ಮುಂದೆ ನಿಲ್ಲಿಸಿದೆ. ತಾಯಿ ಮೂಸಿತು, ತನ್ನ ಮೈವಾಸನೆಯೇ ಇಲ್ಲದ ಆ ಸುಗಂಧದ ಕೂಸನ್ನು ತಲೆಯಿಂದ ಗುದ್ದಿ ಕೆಡವಿತು. ಮತ್ತೆ ನಿಲ್ಲಿಸಿದೆ, ಮತ್ತೆ ಗುದ್ದಿತು. “ಗಿಣ್ಣುಹಾಲು ಕುಡೀದಿದ್ರ ಇದು ಸಂಜಿ ಕಾಣೂದಿಲ್ಲ,” ಎಂದು ದುರುಗಪ್ಪ ಗೊಣಗಿದ. ನಾಚಿಕೆಯಿಂದ ನಾನು ನೆಲಕ್ಕಿಳಿದುಹೋದೆ.

ಗದ್ದೆಮ್ಮ ನನ್ನತ್ತ ನೋಡಲೂ ಇಲ್ಲ. ಕದರನ್ನು ಸೊಂಟಕ್ಕೆ ಸಿಕ್ಕಿಸಿ, ಅದೇ ತಾಯಿಯ ಹಾಲು ಕರೆದು ಮರಿಯ ಮೈಗೆಲ್ಲ ಬಳಿದಳು. ಬೆನ್ನಿಗೆ ಉಪ್ಪು ತಿಕ್ಕಿದಳು. ಕುರಿ ಉಪ್ಪನ್ನೇನೋ ನೆಕ್ಕಿತು, ಮೊಲೆ ಕೊಡಲಿಲ್ಲ. ಆಗ ಹಟ್ಟಿಯ ನಾಯಿಯನ್ನು ಕರೆದು, ಕೊರಳಹಗ್ಗ ಬಿಗಿಹಿಡಿದು, ಮರಿಯ ಎದುರಿಗೇ ತಂದಳು. ನಾಯಿ ಬೊಗಳಿತು, ಮರಿ ಸಣ್ಣಗೆ ಅರಚಿತು. ಅಷ್ಟೇ, ತಾಯಿಕುರಿ ಕಾಲಪ್ಪಳಿಸಿ ನಡುವೆ ನುಗ್ಗಿ, ಮರಿಯನ್ನು ಹೊಟ್ಟೆಯಡಿಗೆ ಮಾಡಿಕೊಂಡು, ತಲೆ ಬಗ್ಗಿಸಿ ನಾಯಿಗೆ ಎದುರಾಯಿತು. ಅಲ್ಲೇ ಮರಿಗೆ ಮೊಲೆ ಸಿಕ್ಕಿತು. ಪುಟ್ಟ ಬಾಲ ಪಟಪಟ ಆಡಿತು. ಮಾಸ್ತರನೆಂಬ ಗತ್ತು ಮರೆತು ನಾನು ಕುಣಿದೆ.

“ವಾಸನಿ ತಪ್ಪಿತ್ತು, ಕರುಳು ತಪ್ಪಿದ್ದಿಲ್ಲ ನೋಡು,” ಎಂದು ಗದ್ದೆಮ್ಮ ನಕ್ಕಳು.

“ನಂದ ತಪ್ಪಾತು, ಯವ್ವಾ,” ಎಂದೆ.

“ಅದು ಆಮ್ಯಾಲ. ಮುಂಜಾನಿಂದ ನೀನೂ ಏನೂ ತಿಂದಿಲ್ಲ. ಬಾ, ರೊಟ್ಟಿ ಆರಾಕತ್ತೈತಿ.”

ತಪ್ಪು ಯಾರದೆಂದು ವಿಚಾರಣೆ ನಡೆಸುವುದು ಗೋಡೆ ಕಟ್ಟಿಕೊಂಡು ಕೂತ ನಮ್ಮಂಥವರ ಚಟ. ಮೇವು ಹುಡುಕುತ್ತ ಊರೂರು ನಡೆಯುವ ಈ ಜನ ಹಸಿದವರು ಯಾರೆಂದು ಮೊದಲು ನೋಡುತ್ತಾರೆ; ಎಲ್ಲರೂ ಉಂಡ ಮೇಲೆ, ತಪ್ಪಿನ ಮಾತು ಅವರಿಗೆ ನೆನಪೇ ಇರುವುದಿಲ್ಲ.