ಮೊದಲು ಅವರನ್ನೇ ಕೇಳಿ

‘ಬೀಳುವುದು ಎಂದರೇನು?’ ಎಂಬ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಸಮಿತಿ ಬೆಳಗಿನಿಂದ ಜಗ್ಗಾಡುತ್ತಿತ್ತು. ವಯಸ್ಸಾದವರು ಮಣಿಕಟ್ಟಿಗೆ ಕಟ್ಟಿಕೊಳ್ಳುವ ಪಟ್ಟಿ ಹೇಗಿರಬೇಕು, ಅವರು ಬಿದ್ದರೆ ಅದು ಯಾರಿಗೆ, ಹೇಗೆ ತಿಳಿಸಬೇಕು ಎಂಬುದಕ್ಕೆ ಎಲ್ಲ ಕಂಪನಿಗಳೂ ಒಪ್ಪುವಂಥ ಒಂದು ಮಾನದಂಡ ಬರೆಯುವುದು ಆ ಸಮಿತಿಯ ಹೊಣೆ. ಸಭೆಯಲ್ಲಿ ಆಡಿದ ಮಾತನ್ನೆಲ್ಲ ಸೋಸಿ ಕರಡು ತಯಾರಿಸುವುದು ಅದರ ಕಾರ್ಯದರ್ಶಿಯ ಪಾಲಿಗೆ ಬಂದಿತ್ತು. ಐವತ್ತು ದಾಟಿದ ಆ ಹೆಂಗಸನ್ನು ಕಚೇರಿಯಲ್ಲಿ ಎಲ್ಲರೂ ಕರಡಮ್ಮ ಎಂದೇ ಕರೆಯುತ್ತಿದ್ದರು. ಅವಳ ಮೇಲೆ ಸಿಟ್ಟು ಬಂದ ದಿನ ಮಾತ್ರ, ಬೆನ್ನ ಹಿಂದೆ, ಅದು ಕರಡಿಯಮ್ಮ ಆಗುತ್ತಿತ್ತು. ಅದೂ ಅವಳಿಗೆ ಗೊತ್ತಿತ್ತು.

“ಮೈ ರಭಸದಿಂದ ಕೆಳಗೆ ಹೋದರೆ ಬಿದ್ದ ಹಾಗೆ. ಇದರಲ್ಲಿ ಚರ್ಚೆಗೇನಿದೆ?” ಎಂದ ಪಟ್ಟಿ ತಯಾರಿಸುವ ಕಂಪನಿಯ ಎಂಜಿನಿಯರ್.

“ಹಾಗಾದ್ರೆ ನಾನು ದಿನಾ ಸಂಜೆ ಸೋಫಾ ಮೇಲೆ ಬೀಳ್ತೀನಿ,” ಎಂದರು ಮೂಳೆ ಡಾಕ್ಟರ್. ಅವರದು ಭಾರಿ ದೇಹ, ಅದಕ್ಕಿಂತ ಭಾರಿ ನಗು.

ಆ ನಗು ನಿಲ್ಲುವ ಮೊದಲೇ ಕರಡಮ್ಮನ ಫೋನು ಕಿರುಚಿಕೊಂಡಿತು. ಅದೇ ಕಂಪನಿಯ ಪಟ್ಟಿಯೊಂದನ್ನು ಅವಳು ಅಪ್ಪನ ಕೈಗೆ ಕಟ್ಟಿದ್ದಳು. ಪರದೆಯ ಮೇಲೆ ಕೆಂಪು ಅಕ್ಷರ: ‘ನಿಮ್ಮ ತಂದೆ ಬಿದ್ದಿದ್ದಾರೆ.’ ಅವಳು ಕೂಡಲೇ ಅಪ್ಪನಿಗೆ ಫೋನ್ ಮಾಡಿದಳು; ಎತ್ತಲಿಲ್ಲ. ಚೀಲವನ್ನೂ ತೆಗೆದುಕೊಳ್ಳದೆ ಎದ್ದು ಓಡಿದಳು.

ಮನೆಯ ಮುಂದೆ ಆಂಬುಲೆನ್ಸ್ ನಿಂತಿತ್ತು. ಅಕ್ಕಪಕ್ಕದವರೆಲ್ಲ ಬಾಗಿಲಲ್ಲಿ ನೆರೆದಿದ್ದರು. ನಡುಮನೆಯಲ್ಲಿ ಅಪ್ಪ ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ಕನ್ನಡಕ ಹಿಡಿದು ಕೆಂಡದಂತೆ ಕೆಂಪಾಗಿ ನಿಂತಿದ್ದರು. ಎಷ್ಟೋ ವರ್ಷ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಎಂಬತ್ತರ ಹತ್ತಿರ ಬಂದರೂ ಗಂಟಲು ಮಾತ್ರ ಇನ್ನೂ ಮೈದಾನದ್ದೇ.

“ಬಿದ್ದಿದ್ದು ಕನ್ನಡಕ ಕಣಮ್ಮಾ, ನಾನಲ್ಲ! ಮಂಚದ ಕೆಳಗೆ ಹೋಯ್ತು ಅಂತ ಮಂಡಿ ಊರಿ ಕೂತೆ. ಅಷ್ಟಕ್ಕೇ ಊರೆಲ್ಲ ಸೇರಿಸಿಬಿಡ್ತು ನಿನ್ನ ಯಂತ್ರ!”

“ಅಪ್ಪಾ, ಫೋನ್ ಯಾಕೆ ಎತ್ತಲಿಲ್ಲ?”

“ಕನ್ನಡಕ ಇಲ್ದೆ ಫೋನು ಎಲ್ಲಿದೆ ಅಂತ ಹೇಗೆ ಕಾಣತ್ತೆ?”

ಆಂಬುಲೆನ್ಸಿನವರು ನಗು ತಡೆಯಲಾರದೆ ಆಚೆ ಮುಖ ತಿರುಗಿಸಿದರು. ಎಲ್ಲರೂ ಹೋದ ಮೇಲೆ ಅಪ್ಪ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟರು. ಈಗ ದನಿ ಇಳಿದಿತ್ತು. “ನಿನಗೆ ಹೇಳ್ತು, ಆಸ್ಪತ್ರೆಗೆ ಹೇಳ್ತು, ಪಕ್ಕದ ಮನೆಗೂ ಹೇಳ್ತು. ನನ್ನನ್ನ ಒಂದು ಮಾತು ಕೇಳ್ಲಿಲ್ಲ ನೋಡು. ಅದರ ಪಕ್ಕದಲ್ಲೇ ಇದ್ದೆನಲ್ಲ ನಾನು.”

ಆ ಮಾತು ಕರಡಮ್ಮನಿಗೆ ನಾಟಿತು. ಮುಂದಿನ ಸಭೆಯಲ್ಲಿ ನಡೆದದ್ದನ್ನೆಲ್ಲ ಹೇಳಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು, ಎಂಜಿನಿಯರ್ ಒಬ್ಬನನ್ನು ಬಿಟ್ಟು. ಅವನ ಮುಖ ಸಣ್ಣಗಾಗಿತ್ತು.

“ನಾವು ಚೆನ್ನಾಗೇ ಪರೀಕ್ಷೆ ಮಾಡಿದ್ದೀವಿ, ಮೇಡಂ.”

“ಯಾರ ಮೇಲೆ?” ಎಂದು ಡಾಕ್ಟರ್ ಕೇಳಿದರು.

“ಕಾಲೇಜು ಹುಡುಗ ಹುಡುಗಿಯರನ್ನ ಹಾಸಿಗೆ ಮೇಲೆ ಬೀಳಿಸಿ. ಮತ್ತೇನು ಮಾಡೋದು? ಅಜ್ಜ ಅಜ್ಜಿಯರನ್ನ ಬೀಳಿಸೋಕೆ ಆಗತ್ತಾ?”

“ಬೀಳಿಸೋದು ಬೇಡ,” ಎಂದಳು ಕರಡಮ್ಮ. “ಅವರು ಬೀಳದೇ ಇರೋವಾಗ ಹೇಗಿರ್ತಾರೆ ಅನ್ನೋದನ್ನ ಯಂತ್ರಕ್ಕೆ ತೋರಿಸೋಣ. ಕೂರ್ತಾರೆ, ಏಳ್ತಾರೆ, ಬಗ್ತಾರೆ. ಪರೀಕ್ಷೆಯಲ್ಲಿ ಅದೂ ಇರಲಿ ಅಂತ ಮಾನದಂಡದಲ್ಲೇ ಬರೆಯೋಣ.”

ಎಂಜಿನಿಯರ್ ಅದನ್ನು ತನ್ನ ಪುಸ್ತಕದಲ್ಲಿ ಬರೆದುಕೊಂಡ. ಆಮೇಲೆ ಅವನೇ ಎಲ್ಲರಿಗಿಂತ ಮೊದಲು ಹೂಂ ಅಂದ.

ಪರೀಕ್ಷೆಗೆ ಒಂದು ಹಳೆಯ ಕ್ರೀಡಾಂಗಣದ ಒಳಾಂಗಣ ಸಿಕ್ಕಿತು. ಅಲ್ಲಿ ಮಂಚ, ಕುರ್ಚಿ, ಗಿಡ್ಡ ಸ್ಟೂಲು, ಚಾಪೆ, ನೀರಿನ ಬಕೆಟ್ಟು, ಬಟ್ಟೆ ಒಣಹಾಕುವ ಹಗ್ಗ ಎಲ್ಲ ಸೇರಿ ಒಂದು ಗೋಡೆಯಿಲ್ಲದ ಮನೆಯಾಯಿತು. ಬರಲು ಒಪ್ಪಿದ ಹಿರಿಯರಲ್ಲಿ ದರ್ಜಿಯೊಬ್ಬರಿದ್ದರು, ಈಜು ಕಲಿಸುತ್ತಿದ್ದ ಅಜ್ಜಿಯಿದ್ದರು, ಎಲ್ಲರೂ ನರ್ಸಮ್ಮ ಎನ್ನುವ ನಿವೃತ್ತ ದಾದಿಯಿದ್ದರು. ಅಪ್ಪ ಮಾತ್ರ ಜಪ್ಪಯ್ಯ ಅನ್ನಲಿಲ್ಲ.

“ನಾನೇನು ಪ್ರಯೋಗಶಾಲೆಯ ಇಲೀನಾ?”

“ಬೇಡ ಬಿಡಿ. ಅಲ್ಲಿ ಎಲ್ಲರಿಗೂ ಹೇಗೆ ಕೂರಬೇಕು, ಏಳಬೇಕು ಅಂತ ಹೇಳೋರು ಒಬ್ಬರು ಬೇಕಿತ್ತು. ಬೇರೆ ಯಾರನ್ನಾದ್ರೂ ನೋಡ್ಕೊಳ್ತೀವಿ.”

ಮರುದಿನ ಎಲ್ಲರಿಗಿಂತ ಮುಂಚೆ ಬಂದು ಸಾಲು ನೇರ ಮಾಡುತ್ತಿದ್ದವರು ಮೇಷ್ಟ್ರೇ.

ಆ ದಿನಗಳ ಗದ್ದಲವನ್ನು ಹೇಳತೀರದು. ದರ್ಜಿ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದ ಕೂಡಲೇ ಪಟ್ಟಿ ಕೂಗಿಕೊಳ್ಳುತ್ತಿತ್ತು. ಈಜಜ್ಜಿ ಯಾವುದೋ ಮಾತಿಗೆ ತೊಡೆ ತಟ್ಟಿಕೊಂಡು ನಕ್ಕರೆ ಅದಕ್ಕೂ ಕೂಗಿತು. “ಈ ಯಂತ್ರಕ್ಕೆ ನಗು ಅಂದ್ರೇನು ಅಂತ ಕಲಿಸಪ್ಪಾ ಮೊದ್ಲು,” ಎಂದು ಅವರು ಎಂಜಿನಿಯರನ ಬೆನ್ನು ಗುದ್ದಿದರು. ಆ ಗುದ್ದಿಗೂ ಕೂಗಿತು. ಎಂಜಿನಿಯರ್ ಒಂದೊಂದನ್ನೂ ಕಂಪ್ಯೂಟರಿಗೆ ತುಂಬಿಸಿಕೊಂಡು ಹೋಗಿ, ತಿದ್ದಿ, ಮತ್ತೆ ತರುತ್ತಿದ್ದ. ದಿನ ಕಳೆದಂತೆ ಕೂಗಾಟ ಕಡಿಮೆಯಾಯಿತು.

ಅಪ್ಪನ ಹಟದಂತೆ ಪಟ್ಟಿ ಈಗ ಬೇರೆಯವರಿಗೆ ಸುದ್ದಿ ಮುಟ್ಟಿಸುವ ಮುಂಚೆ ‘ಚೆನ್ನಾಗಿದ್ದೀರಾ?’ ಎಂದು ಕೇಳುವಂತಾಗಿತ್ತು. ಅದನ್ನು ಪರೀಕ್ಷಿಸುವ ದಿನ ಅಪ್ಪ ಎದೆ ಉಬ್ಬಿಸಿಕೊಂಡು ಬಂದರು. ನರ್ಸಮ್ಮ ಗಿಡ್ಡ ಸ್ಟೂಲಿನ ಮೇಲೆ ಧೊಪ್ಪೆಂದು ಕೂತು ಹೆಣಿಗೆ ಹೆಣೆಯತೊಡಗಿದರು. ಅವರ ಕೈಯಲ್ಲಿದ್ದ ಪಟ್ಟಿ ಕೇಳಿತು. ಮತ್ತೆ ಕೇಳಿತು. ನರ್ಸಮ್ಮ ಹೆಣೆಯುತ್ತಲೇ ಇದ್ದರು. ಕೊನೆಗೆ ಅದು ಸಹಾಯಕ್ಕೆ ಕರೆ ಮಾಡಿಯೇ ಬಿಟ್ಟಿತು.

“ಯಾಕ್ರೀ ಉತ್ತರ ಕೊಡ್ಲಿಲ್ಲ?” ಎಂದು ಅಪ್ಪ ಗುಡುಗಿದರು.

“ಯಾರು ಏನು ಕೇಳಿದ್ರು?” ಎಂದರು ನರ್ಸಮ್ಮ. ಅವರ ಕಿವಿಗೆ ಆ ತೆಳು ದನಿ ಬಿದ್ದೇ ಇರಲಿಲ್ಲ.

ಅಪ್ಪನ ಮುಖ ಬಾಡಿತು. ನರ್ಸಮ್ಮ ಅಪ್ಪನ ಮಣಿಕಟ್ಟನ್ನು ಎರಡು ಬೆರಳಲ್ಲಿ ಮೆಲ್ಲಗೆ ತಟ್ಟಿದರು. “ಹೀಗೆ ಮಾಡ್ಲಿ ಮೇಷ್ಟ್ರೇ. ನಿದ್ದೆ ಹೋದ ರೋಗಿಗಳನ್ನ ನಾವು ಹೀಗೇ ಎಬ್ಬಿಸ್ತಿದ್ವಿ.” ಪಟ್ಟಿಗೆ ಕಂಪನವೂ ಸೇರಿತು.

ಡಾಕ್ಟರಿಗೆ ಇನ್ನೂ ಒಂದು ಅನುಮಾನ ಉಳಿದಿತ್ತು. “ಕೇಳೋದೇನೋ ಸರಿ. ಆದ್ರೆ ಸೊಂಟ ಮುರಿದ್ರೂ ‘ಏನಿಲ್ಲ, ಏನಿಲ್ಲ’ ಅನ್ನೋ ಜನ ನನ್ನ ಹತ್ರ ದಿನಾ ಬರ್ತಾರೆ. ಮರ್ಯಾದೆ ನೋಡಿ.”

ಅಪ್ಪ ವಾದಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ನರ್ಸಮ್ಮ ಸೂಜಿ ಕೆಳಗಿಟ್ಟು, “ಡಾಕ್ಟರ್ ಹೇಳೋದು ನಿಜ. ಹೋದ ವರ್ಷ ನಾನೇ ಬಚ್ಚಲಲ್ಲಿ ಬಿದ್ದು, ಮಗ ಬಾಗಿಲು ತಟ್ಟಿದ್ರೆ ಏನಿಲ್ಲ ಅಂದೆ. ಏಳೋಕೆ ಆಗ್ತಿರ್ಲಿಲ್ಲ,” ಎಂದರು. ಬಹಳ ಹೊತ್ತು ಅವರಿವರು ಮಾತಾಡಿಕೊಂಡ ಮೇಲೆ ಇತ್ಯರ್ಥವಾಯಿತು: ಚೆನ್ನಾಗಿದ್ದೇನೆ ಎಂದವರು ಎದ್ದ ಗುರುತು ಕಾಣದಿದ್ದರೆ ಪಟ್ಟಿ ಇನ್ನೊಮ್ಮೆ ಕೇಳಬೇಕು. ಆಗಲೂ ಏಳದಿದ್ದರೆ, ‘ಈಗ ಕರೆಯುತ್ತೇನೆ’ ಎಂದು ಅವರಿಗೆ ತಿಳಿಸಿಯೇ ಸಹಾಯ ಕರೆಯಬೇಕು. “ಕದ್ದುಮುಚ್ಚಿ ಏನೂ ಮಾಡೋದಿಲ್ಲ ಅಂದ್ರೆ ಸರಿ,” ಎಂದು ಅಪ್ಪ ಒಪ್ಪಿದರು.

ಕರಡಮ್ಮ ಅದನ್ನು ಬರೆದಳು. ಸಮಿತಿಯ ಮಾತಿನಲ್ಲಿ ಅದು ಮೂರು ಸಾಲಿನ ಒಣ ವಾಕ್ಯವಾಯಿತು, ಆದರೆ ಓದಿದಾಗ ಯಾರೂ ತಕರಾರು ತೆಗೆಯಲಿಲ್ಲ. ಅಂಗೀಕಾರದ ದಿನ ಎಂಜಿನಿಯರ್ ಅವಳ ಕೈಕುಲುಕಿ, “ನಮ್ಮಜ್ಜಿಗೂ ಒಂದು ಕಟ್ಟಿದ್ದೀನಿ ಮೇಡಂ. ಹತ್ತು ಸಲ ‘ಚೆನ್ನಾಗಿದ್ದೀನಿ ಕಣೋ’ ಅಂತ ಅದಕ್ಕೆ ಬೈದ್ರು,” ಎಂದ.

ಪರೀಕ್ಷೆ ಮುಗಿದಿತ್ತು. ಮಂಚ, ಕುರ್ಚಿ ಹಿಂತಿರುಗಿಸಬೇಕೆಂದು ಕರಡಮ್ಮ ಆ ಸಂಜೆ ಒಳಾಂಗಣಕ್ಕೆ ಹೋದಳು. ಬಾಗಿಲ ಬಳಿ ಬರುವಾಗಲೇ ಒಳಗಿಂದ ಗಲಾಟೆ ಕೇಳಿಸಿತು. ಹಗ್ಗವನ್ನು ಅಡ್ಡ ಕಟ್ಟಿ, ನರ್ಸಮ್ಮನ ಉಲ್ಲನ್ ಉಂಡೆಯನ್ನು ಚೆಂಡು ಮಾಡಿಕೊಂಡು ಎರಡು ತಂಡಗಳು ಆಡುತ್ತಿದ್ದವು. ಹೊಸ ಮುಖಗಳೂ ಇದ್ದವು; ಯಾರು ಯಾರನ್ನು ಕರೆತಂದಿದ್ದರೋ. ಅಪ್ಪನ ಕೈಯಲ್ಲಿ ಪಟ್ಟಿ ಇತ್ತು. ಕಟ್ಟಿಕೊಳ್ಳಿ ಎಂದು ಅವಳು ಹೇಳಿರಲಿಲ್ಲ.

“ಅಪ್ಪಾ, ನಮ್ಮ ಕೆಲಸ ಮುಗೀತು. ಇವತ್ತು ಸಾಮಾನೆಲ್ಲ ವಾಪಸ್ ಕೊಡಬೇಕು.”

“ನಿಮ್ಮ ಕೆಲಸ ಮುಗೀತು. ನಮ್ಮದು ಎಲ್ಲಿ ಮುಗೀತು?” ಎಂದರು ಅಪ್ಪ, ಉಸಿರು ಎಳೆದುಕೊಳ್ಳುತ್ತ. “ಮಂಚ ತಗೊಂಡು ಹೋಗು. ಹಗ್ಗ ಇಲ್ಲೇ ಇರಲಿ.”

“ದರ್ಜಿಯವರ ಕಡೆ ಒಬ್ಬರು ಕಡಿಮೆ ಇದ್ದಾರೆ,” ಎಂದು ಈಜಜ್ಜಿ ಕೂಗಿ ಹೇಳಿದರು.

ಕರಡಮ್ಮ ಸಾಮಾನಿನ ಗಾಡಿಯವನಿಗೆ ನಾಳೆ ಬಾ ಎಂದು ಹೇಳಿ, ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ನಡೆದಳು. ಉಂಡೆ ನೇರವಾಗಿ ಅವಳ ಕಡೆಗೇ ಬರುತ್ತಿತ್ತು.