ನಿಲ್ಲಿಸಬೇಡ, ನಿಧಾನ ಮಾಡು

ಡ್ವೇನ್ ಕ್ಯಾಮೆರಾದ ಹಿಂಬದಿ ಮುಚ್ಚಳ ತೆರೆದು ರೀಲನ್ನು ಹೊರಕ್ಕೆಳೆಯುತ್ತಿದ್ದಾಗ ಆರ್ಲಿಸ್ ಗಂಡನ ಅಂತ್ಯಕ್ರಿಯೆಗೆಂದು ಬಂದು ಚರ್ಚಿನ ಬಾಗಿಲಲ್ಲಿದ್ದಳು. ಕಿಟಕಿಯಿಂದ ಬೀಳುತ್ತಿದ್ದ ನೆಬ್ರಾಸ್ಕಾದ ಬಿಸಿಲಿನಲ್ಲಿ ಫಿಲ್ಮು ಕಂದು ರಿಬ್ಬನ್ನಿನ ಹಾಗೆ ಅವನ ಮೊಣಕೈಗೆ ಸುತ್ತಿಕೊಂಡಿತ್ತು.

“ಅಣ್ಣನ ಪೆಟ್ಟಿಗೇಲಿ ಕ್ಯಾಮೆರಾನೂ ಇಡೋಣ ಅಂದ್ಕೊಂಡೆ,” ಎಂದ ಡ್ವೇನ್, ಅವಳ ಮೈದುನ. “ಒಳಗೆ ರೀಲಿದ್ರೆ ನಿನಗೆ ತೆಗೆದುಕೊಡೋಣ ಅಂತ…”

“ಹಿಂದಕ್ಕೆ ಸುತ್ತದೇ ತೆಗೆದ್ಯಾ, ಚಿಕ್ಕಪ್ಪ?” ಮಗಳು ಲೋರ್ನಾ ಓಡಿಬಂದಳು. “ಬೆಳಕು ಬಿದ್ರೆ ಅದರಲ್ಲಿರೋ ಫೋಟೋ ಎಲ್ಲಾ ಮುಗೀತಲ್ಲ!”

ಡ್ವೇನ್ ಗಡಿಬಿಡಿಯಲ್ಲಿ ಫಿಲ್ಮನ್ನು ಕೋಟಿನೊಳಗೆ ಅಡಗಿಸಿಕೊಂಡ, ಚಳಿಗೆ ನಡುಗುವ ಕೋಳಿಮರಿಯನ್ನು ಬಚ್ಚಿಟ್ಟುಕೊಂಡವನಂತೆ.

“ಹೋಗ್ಲಿ ಬಿಡ್ರೋ,” ಎಂದಳು ಪಕ್ಕದ ಮನೆಯ ವೋಂಡಾ. “ಅದರಲ್ಲೂ ನೀರಿನ ಟ್ಯಾಂಕು, ಕರೆಂಟು ಕಂಬಾನೇ ಇರುತ್ತೆ. ವರ್ಲಿನ್ ಯಾವತ್ತು ಮನುಷ್ಯರ ಫೋಟೋ ತೆಗೆದ? ನನ್ನ ಮದುವೇಗೆ ಕರೆದ್ರೆ, ಹೊರಗೆ ಕಾರು ನಿಲ್ಲಿಸೋ ಜಾಗದ್ದು ತೆಕ್ಕೊಟ್ಟ!”

ಎಲ್ಲರೂ ನಕ್ಕರು. ಆರ್ಲಿಸಳೂ ನಗಬೇಕಾಯಿತು.

* * *

ಮದುವೆಯಾದಾಗಿನಿಂದ ಕಾರು ಓಡಿಸಿದವಳು ಆರ್ಲಿಸ್. ಪಕ್ಕದಲ್ಲಿ ಕಿಟಕಿ ಇಳಿಸಿಕೊಂಡು ವರ್ಲಿನ್. ಮುಚ್ಚಿಹೋದ ಪೆಟ್ರೋಲ್ ಬಂಕು, ಮೋಟೆಲಿನ ಬೋರ್ಡು, ಜೋಳದ ಹೊಲದ ನಡುವಿನ ಒಂಟಿ ಕಣಜ ಬಂದರೆ ಅವನದು ಒಂದೇ ಮಾತು: “ನಿಲ್ಲಿಸಬೇಡ, ನಿಧಾನ ಮಾಡು.” ನಿಲ್ಲಿಸಿದರೆ ಊರು ನಮ್ಮನ್ನು ನೋಡಿ ಮುಖ ಸರಿಮಾಡಿಕೊಂಡುಬಿಡುತ್ತೆ ಎನ್ನುತ್ತಿದ್ದ. ಅವಳಿಗೆ ಕಂಡದ್ದು ರಸ್ತೆಯ ಬಿಳಿಗೆರೆಯೊಂದೇ. ದಾಟಿಬಂದ ಊರುಗಳನ್ನು ಅವಳು ನೋಡುತ್ತಿದ್ದದ್ದು ಆಮೇಲೆ, ಊಟದ ಮೇಜಿನ ಮೇಲೆ, ಅವನ ಪ್ರಿಂಟುಗಳಲ್ಲಿ.

ಹೋದ ತಿಂಗಳು ಡಾಕ್ಟರ ಬಳಿಯಿಂದ ಹಿಂತಿರುಗುವಾಗ, ಜನ ಹಿಂದೆ ಕಾರಿನಲ್ಲೇ ಕೂತು ಸಿನಿಮಾ ನೋಡುತ್ತಿದ್ದ, ಈಗ ಪಾಳುಬಿದ್ದ ಬಯಲಿನ ಹತ್ತಿರ, “ನಿಲ್ಲಿಸು” ಎಂದ ವರ್ಲಿನ್. ನೋವೇನೋ ಎಂದು ಅವಳು ಥಟ್ಟನೆ ಬ್ರೇಕು ಒತ್ತಿದಳು. ಅವನು ಇಳಿದು, ಬಾನೆಟ್ಟು ಹಿಡಿದುಕೊಂಡು ಸುತ್ತಿಬಂದು, ಅವಳ ಕಿಟಕಿಯ ಎದುರು ನಿಂತ.

“ಸ್ಟೇರಿಂಗ್ ಬಿಡಬೇಡ. ಹಾಗೇ ಇರು.”

ಒಂದು ಕ್ಲಿಕ್ಕು.

“ಏನು ಕಂಡಿತು ಅಂಥಾದ್ದು?” ಎಂದಳು, ಕೂದಲು ಸರಿಮಾಡಿಕೊಳ್ಳುತ್ತ.

“ಪ್ರಿಂಟು ಬರಲಿ, ನೀನೇ ನೋಡುವೆಯಂತೆ.”

ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಈ ವಾರವೆಲ್ಲ ಅವಳು ಹೇಗೋ ತಡೆದುಕೊಂಡದ್ದು ಆ ರೀಲಿನಿಂದ ಬರಬೇಕಿದ್ದ ಆ ಒಂದು ಪ್ರಿಂಟನ್ನು ನೆನೆದು.

* * *

ಸ್ಮಶಾನದ ದಾರಿಯಲ್ಲಿ ಲೋರ್ನಾಳೇ ಕಾರು ಓಡಿಸಿದಳು. ಆರ್ಲಿಸ್ ಅವನ ಜಾಗದಲ್ಲಿ, ಕಿಟಕಿಯ ಪಕ್ಕ ಕೂತಿದ್ದಳು. ಮುಂದೆ ಅವನ ಪೆಟ್ಟಿಗೆ ಹೊತ್ತ ಕಪ್ಪು ಗಾಡಿ. ಎದುರಿನಿಂದ ಬರುವ ಲಾರಿಗಳು ರಸ್ತೆಯಂಚಿಗೆ ಸರಿದು ನಿಲ್ಲುತ್ತಿದ್ದವು. ಒಬ್ಬ ಟೊಪ್ಪಿ ತೆಗೆದ.

ಹಿಂದಿನ ಸೀಟಿನಿಂದ ಡ್ವೇನ್ ಕೆಮ್ಮಿದ. “ಆರ್ಲಿಸ್… ಅದರಲ್ಲಿ ಬೇಕಾದ್ದೇನಾದ್ರೂ ಇತ್ತಾ?”

ಅವನ ಕೋಟಿನೊಳಗೆ ಫಿಲ್ಮು ಇನ್ನೂ ಸರಪರ ಎನ್ನುತ್ತಿತ್ತು.

“ಏನಿಲ್ಲ. ಟ್ಯಾಂಕುಗಳೇ,” ಎಂದಳು.

ಅವನು ಉಸಿರು ಬಿಟ್ಟದ್ದು ಅವಳ ಕುತ್ತಿಗೆಗೆ ತಾಗಿತು.

ಆಗ ಹೊಲದಾಚೆ ಆ ಪಾಳು ಬಯಲಿನ ಬಿಳಿ ಸಿನಿಮಾ ಪರದೆ ಎದ್ದು ಕಾಣಿಸಿತು. ಆರ್ಲಿಸಳ ಬಲಗಾಲು ತಾನಾಗಿಯೇ, ಬ್ರೇಕಿಗೆಂಬಂತೆ, ಮುಂದೆ ಹೋಗಿ ನೆಲದ ರಬ್ಬರ್ ಚಾಪೆಯನ್ನು ಒತ್ತಿತು. ಕಾರು ಅದೇ ವೇಗದಲ್ಲಿ ಹೋಗುತ್ತಿತ್ತು. ಪರದೆ ಕಿಟಕಿಯ ಅಂಚಿಗೆ ಬಂತು, ಕಿಟಕಿ ತುಂಬ ನಿಂತಿತು, ಜಾರಿತು.

“ಏನಮ್ಮಾ, ಕಾಲು ಹಿಡ್ಕೊಂಡ್ತಾ?” ಎಂದಳು ಲೋರ್ನಾ.

ಪರದೆ ಹಿಂದೆ ಉಳಿದು ಎಷ್ಟೋ ದೂರ ಬಂದರೂ, ಅವಳು ಚಾಪೆಯನ್ನು ಒತ್ತುತ್ತಲೇ ಇದ್ದಳು.